ಎರಡನೇ ದಿನ ಬಂದ ಒಪ್ಪಿಗೆ ಪತ್ರ: ಒಂದು ಆಪ್ತಸಲಹೆ ಪ್ರಕರಣ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ದಂಪತಿ. ಚೊಚ್ಚಲ ಹೆರಿಗೆ, ದಿನ ತುಂಬಿ ಹುಟ್ಟಿದ ಗಂಡು ಮಗು. ಬಾಣಂತನಕ್ಕೆಂದು ತಾಯಿಯ ಅಮ್ಮ ದಾವಣಗೆರೆ ಕಡೆಯಿಂದ ಹೋಗಿದ್ದರು. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದೆ.

ಮಗು ಹುಟ್ಟಿದ ಎರಡನೇ ದಿನ ನರ್ಸ್ ಒಪ್ಪಿಗೆ ಪತ್ರ ತಂದು, ಡಿಸ್ಚಾರ್ಜ್‌ಗೆ ಮೊದಲು ಸುನ್ನತಿ (ಶಿಶ್ನದ ತುದಿಯ ಮುಂದೊಗಲನ್ನು ಕತ್ತರಿಸಿ ತೆಗೆಯುವುದು) ಮಾಡಿಸುತ್ತೀರಾ ಎಂದು ಕೇಳಿದರು. ಅಲ್ಲಿ ಇದು ಧರ್ಮದ ಮಾತಲ್ಲ, ಲಸಿಕೆ ವಿಚಾರಿಸಿದಷ್ಟೇ ಸಲೀಸಾಗಿ ಕೇಳುತ್ತಾರೆ. ತಂದೆಗೆ ಮಾಡಿಸುವ ಮನಸ್ಸು: "ನಮ್ಮಪ್ಪನಿಗೆ ಅರವತ್ತರ ಹತ್ತಿರ ಇದೇ ಆಪರೇಷನ್ ಆಯ್ತು, ಪಟ್ಟ ಪಾಡು ನೋಡಿದ್ದೀನಿ. ಈಗಲೇ ಮುಗಿಸಿಬಿಟ್ರೆ ಮಗೂಗೆ ನೆನಪೂ ಇರಲ್ಲ." ತಾಯಿಗೆ ಇಷ್ಟವಿಲ್ಲ. ಅಜ್ಜಿಯದು ಬೇರೆಯೇ ದಾರಿ: "ಕತ್ತರಿಸೋದೆಲ್ಲ ಬ್ಯಾಡ. ಎಣ್ಣೆ ನೀರು ಹಾಕುವಾಗ ದಿನಾ ಎರಡು ಹನಿ ಎಣ್ಣೆ ಬಿಟ್ಟು ಚರ್ಮಾನ ಹಿಂದಕ್ಕೆ ಸರಿಸ್ತಾ ಬಂದ್ರೆ ತಾನೇ ಬಿಡ್ತದೆ."

ಸಲಹೆಗೆಂದು ಅವರು ನನಗೆ ಕರೆ ಮಾಡಿದಾಗ, ಬೇಕೋ ಬೇಡವೋ ಎಂಬ ಮಾತಿಗೆ ಮೊದಲು ಮೂರು ವಿಷಯ ಕೇಳಿದೆ. ಮೂತ್ರದ ರಂಧ್ರ ತುದಿಯಲ್ಲೇ ಇದೆಯೆಂದು ಮಕ್ಕಳ ವೈದ್ಯರು ನೋಡಿದ್ದಾರೆಯೇ? ರಂಧ್ರ ಕೆಳಭಾಗದಲ್ಲಿದ್ದರೆ ಸುನ್ನತಿ ಮಾಡುವಂತಿಲ್ಲ, ಮುಂದೆ ಅದನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಆ ಮುಂದೊಗಲೇ ಬೇಕಾಗಬಹುದು. ಗರ್ಭದಲ್ಲಿದ್ದಾಗಿನ ಸ್ಕ್ಯಾನಿನಲ್ಲಿ ಮೂತ್ರಪಿಂಡ ಊದಿಕೊಂಡಿತ್ತೇ? ಇವೆರಡೂ ಸರಿಯಿದ್ದವು. ಮೂರನೆಯದು ರಕ್ತಸ್ರಾವದ ಪ್ರಶ್ನೆ. ತಾಯಿ ತುಸು ತಡೆದು, ತನ್ನ ಸೋದರಮಾವನಿಗೆ ಹಲ್ಲು ಕೀಳಿಸಿದಾಗ ಎರಡು ದಿನ ರಕ್ತ ನಿಂತಿರಲಿಲ್ಲ ಎಂದರು.

ಆಸ್ಪತ್ರೆಯ ಫಾರಂನಲ್ಲಿ "ಕುಟುಂಬದಲ್ಲಿ ರಕ್ತಸ್ರಾವದ ಕಾಯಿಲೆ" ಎಂಬಲ್ಲಿ "ಇಲ್ಲ" ಎಂದು ಬರೆದಾಗಿತ್ತು. ಬರೆದವರು ತಂದೆ. ರಕ್ತ ಸುಲಭಕ್ಕೆ ಹೆಪ್ಪುಗಟ್ಟದ ಕಾಯಿಲೆಯಾದ ಹಿಮೋಫಿಲಿಯಾ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ, ಆದ್ದರಿಂದ ಈ ಪ್ರಶ್ನೆಯನ್ನು ತಾಯಿಯನ್ನೇ, ಅವರ ಅಣ್ಣತಮ್ಮಂದಿರು ಮತ್ತು ಸೋದರಮಾವಂದಿರ ಹೆಸರು ಹಿಡಿದು ಕೇಳಬೇಕು. ಹುಟ್ಟಿದ ಕೂಡಲೇ ಕೊಡುವ 1 ಮಿಲಿಗ್ರಾಂ ವಿಟಮಿನ್ ಕೆ ಚುಚ್ಚುಮದ್ದು ಇದಕ್ಕೆ ಸಾಲದು, ಅದು ತಡೆಯುವುದು ವಿಟಮಿನ್ ಕೊರತೆಯ ರಕ್ತಸ್ರಾವವನ್ನು ಮಾತ್ರ. ರಕ್ತ ಹೆಪ್ಪುಗಟ್ಟಿಸುವ ಅಂಶಗಳಾದ ಫ್ಯಾಕ್ಟರ್ 8 ಮತ್ತು 9ರ ಪರೀಕ್ಷೆ ಆಗುವ ತನಕ ಕತ್ತರಿ ಮುಟ್ಟಿಸಬಾರದು ಎಂದು ವೈದ್ಯರಿಗೆ ಆ ದಿನವೇ ತಿಳಿಸಲು ಹೇಳಿದೆ. ನವಜಾತ ಶಿಶುಗಳಲ್ಲಿ ಫ್ಯಾಕ್ಟರ್ 9 ಸಹಜವಾಗಿಯೇ ಕಡಿಮೆ ಇರುವುದರಿಂದ ಆ ಫಲಿತಾಂಶವನ್ನು ರಕ್ತರೋಗ ತಜ್ಞರೇ ನೋಡಬೇಕು. ಅಲ್ಲಿಗೆ "ನಾಳೆಯೊಳಗೆ" ಎಂಬ ಒತ್ತಡ ಕಳೆಯಿತು.

ಆಮೇಲೆ ಲಾಭನಷ್ಟದ ಮಾತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ, ಲಾಭ ಅಪಾಯಕ್ಕಿಂತ ಹೆಚ್ಚು, ಆದರೆ ಎಲ್ಲ ಗಂಡುಮಕ್ಕಳಿಗೂ ಮಾಡಿ ಎನ್ನುವಷ್ಟಲ್ಲ ಎಂದಿತು. ಕೆನಡಾದ ಮಕ್ಕಳ ವೈದ್ಯರ ಸಂಘ 2015ರಲ್ಲಿ ಎಲ್ಲರಿಗೂ ಮಾಡುವುದನ್ನು ಶಿಫಾರಸು ಮಾಡಲಿಲ್ಲ. ಸುನ್ನತಿಯಾಗದ ಗಂಡುಶಿಶುಗಳಲ್ಲಿ ಮೊದಲ ವರ್ಷ ಮೂತ್ರದ ಸೋಂಕು ಸುಮಾರು ನೂರಕ್ಕೆ ಒಬ್ಬರಿಗೆ, ಆದವರಲ್ಲಿ ಸಾವಿರಕ್ಕೆ ಒಬ್ಬಿಬ್ಬರಿಗೆ. ಹೀಗಾಗಿ ಒಂದು ಸೋಂಕು ತಪ್ಪಿಸಲು ನೂರರಷ್ಟು ಮಕ್ಕಳಿಗೆ ಸುನ್ನತಿಯಾಗಬೇಕು. ಮೂತ್ರಪಿಂಡದಲ್ಲಿ ತೊಂದರೆ ಇರುವ ಮಗುವಿಗೆ ಈ ಲೆಕ್ಕ ಬದಲಾಗುತ್ತದೆ, ಸ್ಕ್ಯಾನ್ ಬಗ್ಗೆ ಕೇಳಿದ್ದು ಅದಕ್ಕೇ. ಎಚ್‌ಐವಿ ತಡೆಯ ಪುರಾವೆ ಬಂದಿದ್ದು ದಕ್ಷಿಣ ಆಫ್ರಿಕಾ, ಕೀನ್ಯಾ, ಉಗಾಂಡಾಗಳ ವಯಸ್ಕ ಗಂಡಸರ ಅಧ್ಯಯನಗಳಿಂದ. ಅದಕ್ಕಾಗಿ ಎರಡು ದಿನದ ಕೂಸಿನ ಬಗ್ಗೆ ಇವತ್ತೇ ತೀರ್ಮಾನಿಸಬೇಕಿಲ್ಲ.

ತಂದೆಯ ಭಯಕ್ಕೆ ಅಂಕಿಅಂಶ ಸಾಲದು. ಅವರಪ್ಪನಿಗೆ ಹದಿನೈದು ವರ್ಷದಿಂದ ಶುಗರ್ ಇತ್ತು. ಮೂತ್ರದಲ್ಲಿ ಸಕ್ಕರೆ ಹೋದಾಗ ಚರ್ಮದಡಿ ಫಂಗಸ್ ಬೆಳೆದು, ಮತ್ತೆ ಮತ್ತೆ ಉರಿಯೂತವಾಗಿ ಚರ್ಮ ಬಿರಿದು ಬಿಗಿಯುತ್ತದೆ. ಅದು ಮೊಮ್ಮಗನಿಗೆ ಬಳುವಳಿಯಾಗಿ ಬರುವ ಕಾಯಿಲೆಯಲ್ಲ ಎಂದಾಗ ಅವರಿಗೆ ಸಮಾಧಾನವಾಯಿತು.

ಮಾಡಿಸುವುದೇ ಆದರೆ ಏನು ಗಮನಿಸಬೇಕು ಎಂಬುದನ್ನೂ ಹೇಳಿದೆ. ಸಕ್ಕರೆ ನೀರು ಚೀಪಿಸಿದರಷ್ಟೇ ಸಾಲದು, ಲಿಗ್ನೊಕೇನ್ ಚುಚ್ಚಿ ಮರಗಟ್ಟಿಸಲೇಬೇಕು. ಬಳಿಕ ಪ್ರತಿ ಡೈಪರ್‌ಗೂ ವ್ಯಾಸಲೀನ್ ಸವರಬೇಕು. ಮೂರನೇ ದಿನದ ಹೊತ್ತಿಗೆ ಕಾಣುವ ಹಳದಿ ಪೊರೆ ಕೀವಲ್ಲ, ಉಜ್ಜಿ ತೆಗೆಯಬಾರದು. ಪ್ಲಾಸ್ಟಿಕ್ ಉಂಗುರ ಹಾಕಿದ್ದರೆ ಅದು ಸುಮಾರು ಒಂದು ವಾರದಲ್ಲಿ ತಾನೇ ಉದುರುತ್ತದೆ. ನವಜಾತ ಹಂತ ದಾಟಿದ ಮೇಲೆ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಬೇಕಾಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ದಂಪತಿ ಬೇಡವೆಂದು ತೀರ್ಮಾನಿಸಿದರು.

ಹೆಚ್ಚು ಸಮಯ ಹಿಡಿದದ್ದು ಅಜ್ಜಿಯ ಜೊತೆಗಿನ ಮಾತು. ಇಂಥ ಮನೆಗಳಲ್ಲಿ ತೊಂದರೆ ಶುರುವಾಗುವುದು ಹೆಚ್ಚಾಗಿ ಸ್ನಾನದ ಮಣೆಯ ಮೇಲೆ. "ಅಮ್ಮಾ, ಉಗುರು ಬೆರಳಿಗೆ ಅಂಟಿರುವ ಹಾಗೆ ಈ ಚರ್ಮ ಹುಟ್ಟುವಾಗ ಒಳಗಿನ ತುದಿಗೆ ಅಂಟಿಕೊಂಡೇ ಇರುತ್ತೆ. ನೀವು ಎಳೆದರೆ ಬಿಡೋದಿಲ್ಲ, ಹರಿಯುತ್ತೆ." ಹರಿದಲ್ಲಿ ಗಾಯ ಮಾಯುವಾಗ ಕಲೆಗಟ್ಟಿ, ಇಲ್ಲದ ಬಿಗಿತ ನಿಜವಾಗಿಯೂ ಬರುತ್ತದೆ. ಬ್ರಿಟನ್ನಿನ ಗೇರ್ಡ್‌ನರ್ 1949ರಲ್ಲಿ ಬರೆದಂತೆ, ಹುಟ್ಟುವಾಗ ಪೂರ್ತಿ ಹಿಂದೆ ಸರಿಯುವುದು ನೂರಕ್ಕೆ 4 ಮಕ್ಕಳಲ್ಲಿ ಮಾತ್ರ. ಡೆನ್ಮಾರ್ಕ್‌ನ ಓಸ್ಟರ್ 1968ರಲ್ಲಿ, ಶಾಲಾಮಕ್ಕಳಲ್ಲೂ ಈ ಬಿಡುವಿಕೆ ಹರೆಯದವರೆಗೆ ನಡೆಯುತ್ತಲೇ ಇರುತ್ತದೆ ಎಂದು ತೋರಿಸಿದರು.

ಮೈಗೆಲ್ಲ ಎಣ್ಣೆ ಹಚ್ಚಲಿ, ಅಲ್ಲಿ ಮಾತ್ರ ಹೊರಗಿಂದ ಬೆಚ್ಚಗಿನ ನೀರು ಹುಯ್ದರೆ ಸಾಕು. ಎಳೆಯುವುದು, ಒಳಗೆ ಸೋಪು, ಕಡಲೆಹಿಟ್ಟು, ಹತ್ತಿ ಕಡ್ಡಿ ಯಾವುದೂ ಬೇಡ.

ಇಪ್ಪತ್ತನೇ ದಿನ ಮತ್ತೆ ಕರೆ ಬಂತು. ಸ್ನಾನದಲ್ಲಿ "ಸ್ವಲ್ಪ ಮಾತ್ರ" ಸರಿಸಿದ್ದರಂತೆ, ಡೈಪರ್ ಮೇಲೆ ಒಂದು ಹನಿ ರಕ್ತ, ತುದಿ ಕೆಂಪು. ಫ್ಯಾಕ್ಟರ್ ವರದಿ ಅಷ್ಟರಲ್ಲಿ ಸರಿಯಾಗಿಯೇ ಬಂದಿತ್ತು. ಚರ್ಮ ಮುಂದಕ್ಕೇ ಬಂದು ಕೂತಿದೆಯೇ ಎಂದು ಮೊದಲು ಕೇಳಿದೆ. ಹಿಂದೆಯೇ ಸಿಕ್ಕಿಕೊಂಡು ತುದಿ ಊದಿದ್ದರೆ ರಕ್ತ ಓಡಾಟ ಕಟ್ಟುತ್ತದೆ, ಕಾಯದೆ ತುರ್ತು ವಿಭಾಗಕ್ಕೆ ಓಡಬೇಕು. ಮುಂದಕ್ಕೇ ಇತ್ತು. ವ್ಯಾಸಲೀನ್ ಸವರಿ ಸುಮ್ಮನೆ ಬಿಡಿ, ಎಂಟು ಗಂಟೆ ಮೂತ್ರ ಹೋಗದಿದ್ದರೆ, ಕೆಂಪು ಬುಡದತ್ತ ಹರಡಿದರೆ, ಜ್ವರ 100.4 ಡಿಗ್ರಿ ಮುಟ್ಟಿದರೆ ಆಸ್ಪತ್ರೆಗೆ ಹೋಗಿ ಎಂದೆ. ಮೂರು ತಿಂಗಳೊಳಗಿನ ಕೂಸಿಗೆ ಆ ಜ್ವರ ಮನೆಮದ್ದಿನದಲ್ಲ.

ಮುಂದೆ ಚರ್ಮದಡಿ ಬಿಳಿ ಮುತ್ತಿನಂಥ ಗಂಟು ಕಂಡರೆ ಅದು ಸತ್ತ ಚರ್ಮದ ಕಣ, ತಾನೇ ಹೊರಬರುತ್ತದೆ. ಉಚ್ಚೆ ಹುಯ್ಯುವಾಗ ತುದಿ ಬಲೂನಿನಂತೆ ಊದಿ ತಕ್ಷಣ ಇಳಿದರೆ, ನೋವಿಲ್ಲದಿದ್ದರೆ, ಅದಕ್ಕೂ ಔಷಧಿ ಬೇಡ. ಊರಿಗೆ ಬಂದಾಗ ಯಾರಾದರೂ "ಟೈಟ್ ಇದೆ, ಆಪರೇಷನ್" ಎಂದರೆ ಎರಡು ಪ್ರಶ್ನೆ ಕೇಳಿ ಎಂದು ತಾಯಿಗೆ ಬರೆದುಕೊಟ್ಟೆ: ತುದಿಯಲ್ಲಿ ಬಿಳಿಚಿದ ಗಟ್ಟಿ ಕಲೆ ಇದೆಯೇ? ಇಲ್ಲವಾದರೆ, 0.05 ಶೇಕಡಾ ಬೀಟಾಮೆಥಸೋನ್ ಎಂಬ ಸ್ಟೀರಾಯ್ಡ್ ಮುಲಾಮನ್ನು ದಿನಕ್ಕೆರಡು ಬಾರಿ ನಾಲ್ಕರಿಂದ ಎಂಟು ವಾರ ಹಚ್ಚಿ ನೋಡಿದ್ದೀರಾ? ಬಿಳಿ ಕಲೆ ಇದ್ದರೆ ಮಾತ್ರ ತಡಮಾಡದೆ ಮಕ್ಕಳ ಶಸ್ತ್ರಚಿಕಿತ್ಸಕರಿಗೆ ತೋರಿಸಬೇಕು, ಅಲ್ಲಿ ಸುನ್ನತಿಯೇ ಸರಿಯಾದ ಚಿಕಿತ್ಸೆಯಾಗಿರಬಹುದು.