ಓದುಗರ ಪ್ರಶ್ನೆ, ವೈದ್ಯರ ಉತ್ತರ: ದೂರದಿಂದ ಸಕ್ಕರೆ ಕಾಯಿಲೆಯ ಮೇಲೆ ನಿಗಾ

ಪ್ರಶ್ನೆ: ನಾನು ಪುಣೆಯಲ್ಲಿ ಕೆಲಸದಲ್ಲಿದ್ದೇನೆ. ತಂದೆ-ತಾಯಿ ಶಹಾಪುರ ತಾಲ್ಲೂಕಿನ ಹಳ್ಳಿಯಲ್ಲಿದ್ದಾರೆ. ತಂದೆಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದು, ಮಾತ್ರೆಗಳ ಜೊತೆಗೆ ಈಗ ರಾತ್ರಿ ಇನ್ಸುಲಿನ್ ಕೂಡ ಆರಂಭವಾಗಿದೆ. ಮನೆಯಲ್ಲೇ ಗ್ಲುಕೋಮೀಟರಿನಿಂದ ಪರೀಕ್ಷಿಸಿ ಅಂಕಿಗಳನ್ನು ಮೊಬೈಲಿನಲ್ಲಿ ಕಳುಹಿಸಿದರೆ ಸಾಕು ಎಂದು ಕಲಬುರಗಿಯ ವೈದ್ಯರು ಹೇಳಿದ್ದಾರೆ. ಇದನ್ನು ನಂಬಬಹುದೇ? ಕಲಬುರಗಿಯ ಓಡಾಟವನ್ನು ಪೂರ್ತಿ ನಿಲ್ಲಿಸಬಹುದೇ?
– ಓದುಗರು, ಯಾದಗಿರಿ ಜಿಲ್ಲೆ

ಉತ್ತರ: ನಂಬಬಹುದು, ಆದರೆ ಓಡಾಟವನ್ನು ಕಡಿಮೆ ಮಾಡಬಹುದೇ ಹೊರತು ಪೂರ್ತಿ ನಿಲ್ಲಿಸಲಾಗದು. ಅದಕ್ಕಿಂತ ಮೊದಲು ನೀವು ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಒಂದಿದೆ: ಕಳುಹಿಸಿದ ಅಂಕಿಯನ್ನು ನೋಡುವವರು ಯಾರು, ಯಾವ ದಿನ ನೋಡುತ್ತಾರೆ, ನೋಡಿದ ಮೇಲೆ ಔಷಧದ ಪ್ರಮಾಣವನ್ನು ಬದಲಿಸುವ ಅಧಿಕಾರ ಯಾರಿಗಿದೆ? ಇದಕ್ಕೆ ಸ್ಪಷ್ಟ ಉತ್ತರವಿಲ್ಲದಿದ್ದರೆ ತಂದೆಯವರು ದಿನವೂ ಬೆರಳು ಚುಚ್ಚಿಕೊಂಡದ್ದು ವ್ಯರ್ಥವಾಗುತ್ತದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2000ದಲ್ಲಿ ಆರಂಭವಾದ ದೊಡ್ಡ ಅಧ್ಯಯನವೊಂದರಲ್ಲಿ, ವೈದ್ಯಕೀಯ ಸೌಲಭ್ಯ ಕಡಿಮೆಯಿದ್ದ ಪ್ರದೇಶಗಳ, ಸಕ್ಕರೆ ಕಾಯಿಲೆಯಿದ್ದ 1,665 ಹಿರಿಯರು ಭಾಗವಹಿಸಿದ್ದರು. ಅವರಲ್ಲಿ ಯಾರ ಮನೆಗೆ ಅಂಕಿಗಳನ್ನು ಕಳುಹಿಸುವ ಯಂತ್ರವನ್ನು ಕೊಟ್ಟು, ತಜ್ಞರ ಮೇಲ್ವಿಚಾರಣೆಯಲ್ಲಿ ದಾದಿಯರು ವಿಡಿಯೊ ಮೂಲಕ ಮಾತನಾಡುತ್ತಿದ್ದರೋ ಅವರ ಸರಾಸರಿ ಸಕ್ಕರೆ, ರಕ್ತದೊತ್ತಡ ಮತ್ತು ಕೆಟ್ಟ ಕೊಬ್ಬು ಮೂರೂ ಉಳಿದವರಿಗಿಂತ ಉತ್ತಮಗೊಂಡವು. ಸುಧಾರಣೆ ಬಹಳ ದೊಡ್ಡದೇನಲ್ಲ, ಆದರೆ ನಿಜವಾದದ್ದು. ಅದು ಕೇವಲ ಯಂತ್ರದಿಂದ ಬಂದದ್ದಲ್ಲ, ಅಂಕಿಯನ್ನು ಓದಿ ಮರಳಿ ಮಾತನಾಡಿಸಿದವರಿಂದಲೂ ಬಂದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ದಿನಕ್ಕೆ ನಾಲ್ಕು ಬಾರಿ ಚುಚ್ಚಬೇಕಾಗಿಲ್ಲ. ರಾತ್ರಿ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬೆಳಗಿನ ಖಾಲಿ ಹೊಟ್ಟೆಯ ಅಂಕಿಯೇ ಮುಖ್ಯ, ಏಕೆಂದರೆ ಅದನ್ನು ನೋಡಿಯೇ ವೈದ್ಯರು ಪ್ರಮಾಣವನ್ನು ಹೆಚ್ಚು-ಕಡಿಮೆ ಮಾಡುತ್ತಾರೆ. ವಾರದಲ್ಲಿ ಒಂದೆರಡು ದಿನ ಊಟದ ಮೊದಲು ಮತ್ತು ಊಟವಾಗಿ ಎರಡು ಗಂಟೆಯ ನಂತರ ಜೋಡಿಯಾಗಿ ನೋಡಿದರೆ, ಯಾವ ಊಟ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂಬುದು ತಿಳಿಯುತ್ತದೆ. ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟದ ನಂತರ 180ಕ್ಕಿಂತ ಕಡಿಮೆ ಎಂಬ ಗುರಿಯನ್ನು ಇಟ್ಟುಕೊಳ್ಳುತ್ತಾರಾದರೂ, ವಯಸ್ಸಾದವರಿಗೆ ವೈದ್ಯರು ಇದನ್ನು ಸಡಿಲಿಸುವುದುಂಟು. 70ಕ್ಕಿಂತ ಕೆಳಗಿಳಿದರೆ ಮಾತ್ರ ಸಂದೇಶ ಕಳುಹಿಸಿ ಉತ್ತರಕ್ಕಾಗಿ ಕಾಯುತ್ತಾ ಕೂರಬಾರದು: ಕೂಡಲೇ ಮೂರು ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿಯನ್ನು ನೀರಿನಲ್ಲಿ ಕೊಟ್ಟು, ಹದಿನೈದು ನಿಮಿಷಗಳ ನಂತರ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಇದು ನಿಮಗಿಂತ ಹೆಚ್ಚಾಗಿ ನಿಮ್ಮ ತಾಯಿಯವರಿಗೆ ಗೊತ್ತಿರಬೇಕಾದ ವಿಷಯ.

ಅಂಕಿಯ ಜೊತೆಗೆ ಎರಡು ಮಾತನ್ನೂ ಬರೆದು ಕಳುಹಿಸಿ. ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ ಹೋಳಿಗೆ ಉಂಡ ಮರುದಿನದ ಏರಿಕೆಗೂ, ಕಾಲಿನ ಗಾಯದ ಸೋಂಕಿನಿಂದ ಬಂದ ಏರಿಕೆಗೂ ಪರದೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ. ನಮ್ಮ ಭಾಗದಲ್ಲಿ ಇನ್ನೊಂದು ಕಾರಣವೂ ಇದೆ. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬಳಕೆಯಲ್ಲಿರುವ ಇನ್ಸುಲಿನ್ ಸಾಮಾನ್ಯವಾಗಿ 30 ಡಿಗ್ರಿಯೊಳಗೆ ಇದ್ದರೆ ಮಾತ್ರ ಸುಮಾರು ನಾಲ್ಕು ವಾರ ಬಾಳುತ್ತದೆ. ಕಾವಿಗೆ ಶಕ್ತಿ ಕಳೆದುಕೊಂಡ ಇನ್ಸುಲಿನ್ನಿಂದ ಸಕ್ಕರೆ ಏರಿದಾಗ, ಅದನ್ನರಿಯದ ವೈದ್ಯರು ದೂರದಿಂದ ಪ್ರಮಾಣವನ್ನು ಹೆಚ್ಚಿಸಿಬಿಟ್ಟರೆ, ಹೊಸ ಬಾಟಲಿ ತೆರೆದ ದಿನ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಆದ್ದರಿಂದ ಬಾಟಲಿ ತೆರೆದ ದಿನಾಂಕವನ್ನೂ, ಅದನ್ನು ಎಲ್ಲಿ ಇಡುತ್ತೀರಿ ಎಂಬುದನ್ನೂ ತಿಳಿಸಿ. ಫ್ರಿಜ್ ಇಲ್ಲದ ಮನೆಯಲ್ಲಿ, ತೇವದ ಮರಳಿನ ಮೇಲಿಟ್ಟ ಮಣ್ಣಿನ ಮಡಕೆಯೊಳಗೆ ನೀರು ತಾಗದಂತೆ ಇಡುವುದು ಒಳ್ಳೆಯ ಉಪಾಯ.

ಇನ್ನು ಓಡಾಟದ ವಿಷಯ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ದೂರವೈದ್ಯಕೀಯ ಮಾರ್ಗಸೂಚಿಯ ಪ್ರಕಾರ, ಅದೇ ಕಾಯಿಲೆಗೆ ಖುದ್ದಾಗಿ ತೋರಿಸಿ ಆರು ತಿಂಗಳೊಳಗಾದರೆ ಮಾತ್ರ ಅದೇ ವೈದ್ಯರ ಜೊತೆಗಿನ ಫೋನ್ ಸಮಾಲೋಚನೆ ಮರುಭೇಟಿ ಎನಿಸುತ್ತದೆ. ಪಾದದ ಸ್ಪರ್ಶಜ್ಞಾನ ಮತ್ತು ಕಣ್ಣಿನ ಅಕ್ಷಿಪಟಲವನ್ನು ವರ್ಷಕ್ಕೊಮ್ಮೆಯಾದರೂ ನೇರವಾಗಿ ಪರೀಕ್ಷಿಸಬೇಕು. ಮೂತ್ರಪಿಂಡದ ಪರೀಕ್ಷೆಯೂ ಆಗಬೇಕು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ರಕ್ತವನ್ನು ಶಹಾಪುರದಲ್ಲೇ ಕೊಡಬಹುದು. ನಡುವೆ ವೈದ್ಯರು ಸಿಗದಿದ್ದರೆ, ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದಿಂದ ಸರ್ಕಾರದ ದೂರವೈದ್ಯಕೀಯ ಸೇವೆಯಾದ ಇ-ಸಂಜೀವನಿಯ ಮೂಲಕ ಉಚಿತವಾಗಿ ವೈದ್ಯರ ಸಲಹೆ ಪಡೆಯಲು ಅವಕಾಶವಿದೆ.

ಪ್ರಶ್ನೆ: ನಮ್ಮ ತಾಯಿಯ ತೋಳಿಗೆ ಸಕ್ಕರೆ ಅಳೆಯುವ ಹದಿನಾಲ್ಕು ದಿನಗಳ ಸೆನ್ಸರ್ ಅಂಟಿಸಿದ್ದಾರೆ. ಅದರ ಅಂಕಿಯೂ ಬೆರಳಿನ ರಕ್ತದ ಅಂಕಿಯೂ ಒಂದೇ ಆಗಿರುವುದಿಲ್ಲ. ಯಾವುದನ್ನು ನಂಬಬೇಕು?
– ಓದುಗರು, ಭಾಲ್ಕಿ, ಬೀದರ್ ಜಿಲ್ಲೆ

ಉತ್ತರ: ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ಜೀವಕೋಶಗಳ ನಡುವಿನ ದ್ರವವನ್ನು. ರಕ್ತದ ಸಕ್ಕರೆ ಅಲ್ಲಿಗೆ ತಲುಪಲು ಕೆಲವು ನಿಮಿಷಗಳು ಬೇಕಾದ್ದರಿಂದ, ಊಟದ ನಂತರ ಅಥವಾ ನಡಿಗೆಯ ವೇಳೆ ಅಂತರ ಹೆಚ್ಚಾಗುವುದು ಸಹಜ. ಏರಿಳಿತದ ದಿಕ್ಕನ್ನು ತಿಳಿಯಲು ಸೆನ್ಸರನ್ನು ನಂಬಿ. ತಾಯಿಯವರ ಲಕ್ಷಣಗಳಿಗೂ ಅಂಕಿಗೂ ತಾಳೆಯಾಗದಿದ್ದಾಗ ಬೆರಳಿನ ಪರೀಕ್ಷೆಯನ್ನೇ ನಂಬಿ. ಸೆನ್ಸರ್ ಇರುವ ತೋಳಿನ ಮೇಲೆ ಒತ್ತಿ ಮಲಗಿದರೂ ನಡುರಾತ್ರಿ ಸಕ್ಕರೆ ಇಳಿದಂತೆ ಸುಳ್ಳು ಎಚ್ಚರಿಕೆ ಬರುವುದುಂಟು. ಆಗ ಮಗ್ಗುಲು ಬದಲಿಸಿ, ಬೆರಳಿನಿಂದ ಒಮ್ಮೆ ಪರೀಕ್ಷಿಸಿ.