ಡೆತ್ ಮೆಟಲ್ ಅಂದ್ರೆ ಬರೀ ಗದ್ದಲ ಅಲ್ವಾ? ಕೇಳೋದಾದ್ರೆ ಯಾವ ಆಲ್ಬಮ್‌ನಿಂದ ಶುರು ಮಾಡಲಿ?

ಗದ್ದಲ ಹೌದು, ರಾಕ್ ಸಂಗೀತದ ಅತಿ ಒರಟು ಬಗೆಗಳಲ್ಲಿ ಒಂದು ಅದು. 'ಬರೀ' ಅನ್ನೋ ಪದಕ್ಕೆ ಮಾತ್ರ ನನ್ನ ತಕರಾರು.

ನಮ್ಮದು ಬಳ್ಳಾರಿ. ಅಪ್ಪ ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ ಇಟ್ಟಿದ್ದರು. ಕೆಳಗೆ ಹದಿನಾಲ್ಕು ಮಷಿನ್, ಮೇಲೆ ಮನೆ. ಎಲ್ಲ ಒಟ್ಟಿಗೆ ಓಡುವಾಗ ಬಂದ ನೆಂಟರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಅಪ್ಪ ಮಾತ್ರ ಕಟಿಂಗ್ ಟೇಬಲ್‌ನಿಂದ ತಲೆ ಎತ್ತದೆ "ಆ ಮೂಲಿ ಮಷಿನ್ ಸೂಜಿ ನೋಡ್ರೀ" ಅನ್ನುತ್ತಿದ್ದರು. ನೋಡಿದರೆ ಸೂಜಿ ಮೊಂಡಾಗಿರುತ್ತಿತ್ತು. ಹದಿನಾಲ್ಕರ ನಡುವೆ ಆ ಒಂದರ ಸದ್ದು ಅವರಿಗೆ ಬೇರೆಯಾಗಿ ಕೇಳುತ್ತಿತ್ತು. ಡೆತ್ ಮೆಟಲ್‌ಗೆ ಬೇಕಾದ ಕಿವಿಯೂ ಅದೇ.

ನಾನು ಹೇಳುವ ಆಲ್ಬಮ್ ಸ್ವೀಡನ್ನಿನ ಎಂಟೂಮ್ಡ್ ತಂಡದ 'ಲೆಫ್ಟ್ ಹ್ಯಾಂಡ್ ಪಾತ್'. 1990ರದು. ಕಾಲೇಜಿನ ಗೆಳೆಯನೊಬ್ಬ ಸಿಡಿಗೆ ತುಂಬಿಸಿ ಕೊಟ್ಟಿದ್ದ. ಮೊದಲ ವಾರ ಏನೂ ತಲೆಗೆ ಹತ್ತಲಿಲ್ಲ, ಸುಳ್ಳು ಯಾಕೆ ಹೇಳಲಿ. ಅಪ್ಪ ಬಾಗಿಲಲ್ಲಿ ನಿಂತು "ಏನಪಾ, ಕುರಿ ಕೊಯ್ತಾರೇನು ಒಳಗ?" ಅಂದಿದ್ದರು.

ಅದರ ಗಿಟಾರ್ ಸದ್ದಿನ ಕಥೆ ಕೇಳಿ. ಬಾಸ್ (Boss) ಅನ್ನೋ ಕಂಪನಿಯ ಎಚ್‌ಎಂ-2 ಅಂತ ಒಂದು ಪೆಡಲ್ ಇದೆ. ಕಾಲಲ್ಲಿ ಒತ್ತಿದರೆ ಗಿಟಾರ್ ಸದ್ದು ಒಡೆದು ಒರಟಾಗುವ ಡಬ್ಬಿ. ಅದಕ್ಕೆ ನಾಲ್ಕೇ ನಾಲ್ಕು ತಿರುಗಣೆ. ತಿಳಿದವರು ಒಂದನ್ನು ಇಷ್ಟು, ಇನ್ನೊಂದನ್ನು ಅಷ್ಟು ಅಂತ ಹದ ನೋಡಿ ಇಡುತ್ತಾರೆ. ಸ್ಟಾಕ್‌ಹೋಮಿನ ಈ ಹುಡುಗರು ನಾಲ್ಕನ್ನೂ ಕೊನೆಯವರೆಗೆ ತಿರುಗಿಸಿಬಿಟ್ಟರು! ಮೊದಲೇ ತಂತಿಗಳನ್ನು ಸಡಿಲಿಸಿ ಶ್ರುತಿ ಕೆಳಗಿಳಿಸಿದ್ದರು. ಎರಡೂ ಸೇರಿ ಮರ ಕೊಯ್ಯುವ ಗರಗಸದಂಥ ಸದ್ದು ಹುಟ್ಟಿತು. ಈ ಉಪಾಯ ಲೀಫ್ ಕುಜ್ನರ್ ಅನ್ನುವ ಗಿಟಾರ್ ವಾದಕನದು ಅಂತ ಹೇಳುತ್ತಾರೆ. ಎಂಟೂಮ್ಡ್‌ಗಿಂತ ಮುಂಚೆ ಇದೇ ಹುಡುಗರು ನಿಹಿಲಿಸ್ಟ್ ಅಂತ ತಂಡ ಕಟ್ಟಿದ್ದರು, ಅವನು ಅದರಲ್ಲಿದ್ದ. ಆಲ್ಬಮ್ ಹೊತ್ತಿಗೆ ಅವನು ಇರಲಿಲ್ಲ, ಅವನ ಸದ್ದು ಉಳಿದಿತ್ತು. ಮುಂದೆ ಆ ಪೆಡಲ್ ತಯಾರಿಕೆಯೇ ನಿಂತುಹೋಯಿತು. ಈ ಸದ್ದಿನ ಹುಚ್ಚು ಮಾತ್ರ ನಿಲ್ಲಲಿಲ್ಲ. ಹಳೇ ಪೆಡಲ್‌ಗಳ ಬೆಲೆ ಏರುತ್ತಲೇ ಹೋಗಿ ಕೊನೆಗೆ ಕಂಪನಿಯೇ 2021ರಲ್ಲಿ ಹೊಸ ರೂಪದಲ್ಲಿ ಮತ್ತೆ ಹೊರತಂದಿತು.

ರೆಕಾರ್ಡಿಂಗ್ ಆಗಿದ್ದು 1989ರ ಡಿಸೆಂಬರ್‌ನಲ್ಲಿ, ಟೊಮಾಸ್ ಸ್ಕೋಗ್ಸ್‌ಬರ್ಗ್ ನಡೆಸುತ್ತಿದ್ದ ಸನ್‌ಲೈಟ್ ಸ್ಟುಡಿಯೋದಲ್ಲಿ. ಡ್ರಮ್ಸ್ ಬಾರಿಸಿದ ನಿಕೆ ಆಂಡರ್ಸನ್‌ಗೂ ಹಾಡಿದ ಎಲ್. ಜಿ. ಪೆಟ್ರೋವ್‌ಗೂ ಆಗ ಹದಿನೇಳು ವರ್ಷ. ನಮ್ಮಲ್ಲಿ ಆ ವಯಸ್ಸಿಗೆ ಪಿಯುಸಿ ಪರೀಕ್ಷೆ. ಅಷ್ಟರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಡೆತ್ ಮೆಟಲ್ ಆಗಲೇ ಬೇರೂರಿತ್ತು. ಅಲ್ಲಿಯವರು ಬಾರಿಸೋದು ಚುರುಕು, ಲೆಕ್ಕಾಚಾರದ್ದು. ಸ್ವೀಡನ್ನಿನವರದು ಪಂಕ್ ರಕ್ತ. ಪಂಕ್ ಅಂದ್ರೆ ಸರಳ, ವೇಗದ, ಒರಟು ರಾಕ್. ನಿಕೆಯ ಡ್ರಮ್ಸ್ ಕೇಳಿ, ಅರ್ಧಕ್ಕರ್ಧ ಪಂಕ್ ಓಟವೇ ಅದು. ಹಾಗಾಗಿ ಎಷ್ಟು ಒರಟಾದರೂ ಕಾಲು ತಾಳ ಹಾಕುತ್ತದೆ.

ಮೊದಲ ಹಾಡಿಗೂ ಆಲ್ಬಮ್ಮಿಗೂ ಒಂದೇ ಹೆಸರು. ಉದ್ದ ಆರೂವರೆ ನಿಮಿಷಕ್ಕೂ ಜಾಸ್ತಿ. ಒಂದು ಕಿರುಚಾಟದಿಂದ ಶುರುವಾಗಿ ಅರ್ಧದವರೆಗೆ ಓಡುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ನಿಧಾನವಾಗುತ್ತದೆ. 1979ರ 'ಫ್ಯಾಂಟಾಸಂ' ಅನ್ನೋ ದೆವ್ವದ ಸಿನಿಮಾದ ರಾಗ ಬರುತ್ತದೆ. ಅದರ ಮೇಲೆ ಗಿಟಾರ್ ಒಂಟಿಯಾಗಿ ಎಳೆಎಳೆಯಾಗಿ ಹಾಡುತ್ತದೆ. ನನಗೆ ಕಿವಿ ತೆರೆದದ್ದು ಇಲ್ಲೇ. ಇಲ್ಲಿಂದ ಹಿಂದಕ್ಕೆ ಹೋಗಿ ಮತ್ತೆ ಕೇಳಿದಾಗ, ಆ ಗರಗಸದ ಒಳಗೂ ರಾಗ ಇತ್ತು ಅಂತ ಗೊತ್ತಾಯಿತು. ಅಪ್ಪನೂ ಒಮ್ಮೆ ಈ ಭಾಗಕ್ಕೆ ನಿಂತು ಕೇಳಿದರು. "ಇದು ಚಲೋ ಐತಲ್ಲ. ಮೊದಲಿಂದ ಹಿಂಗ ಬಾರಿಸಾಕ ಏನಾಗಿತ್ತು ಇವರಿಗೆ?" ಉತ್ತರ ನನ್ನ ಹತ್ತಿರ ಇರಲಿಲ್ಲ.

ಹೆಸರಿನ ವಿಷಯ ಒಂದು ತಮಾಷೆ. 'ಲೆಫ್ಟ್ ಹ್ಯಾಂಡ್ ಪಾತ್' ಅಂದ್ರೆ ನಮ್ಮ ವಾಮಾಚಾರವೇ. ತಂತ್ರದಿಂದ ಆ ಮಾತು ಪಶ್ಚಿಮಕ್ಕೆ ಹೋಗಿ, ಅಲ್ಲಿ ಇನ್ನೇನೋ ಅರ್ಥ ಪಡೆದು ಸ್ಟಾಕ್‌ಹೋಮಿನ ಹುಡುಗರ ಕೈಗೆ ಸಿಕ್ಕಿತು. ನಮ್ಮೂರಲ್ಲಿ ವಾಮಾಚಾರ ಅಂದ್ರೆ ಮೂರು ದಾರಿ ಕೂಡುವಲ್ಲಿ ಲಿಂಬೆಹಣ್ಣು, ಕುಂಕುಮ. ಹಾಡಿನಲ್ಲಿ ಅದೇನೂ ಇಲ್ಲ, ನನಗೆ ನಾನೇ ದೇವರು ಅನ್ನೋ ಧಾಟಿ ಅಷ್ಟೇ. ಉಳಿದ ಹಾಡುಗಳ ಸಾಹಿತ್ಯ ಹೆಣ, ಕೊಳೆತ, ಸ್ಮಶಾನ. ಹದಿನೇಳರ ಹುಡುಗರು ಬೇರೆ ಏನು ಬರೆದಾರು? ನಾನು ಅದಕ್ಕೆ ತಲೆ ಕೆಡಿಸಿಕೊಂಡಿಲ್ಲ.

"ಆ ಗೊಗ್ಗರು ದನಿ ಹೇಗೆ ಸಹಿಸ್ತೀರಿ?" ಅಂತಲೂ ಕೇಳಿದ್ದೀರಿ. ನೀವು ದೊಡ್ಡಾಟ ನೋಡಿದ್ದೀರಾ? ನಮ್ಮ ಕಡೆ ಹಳ್ಳಿಗಳಲ್ಲಿ ರಾತ್ರಿಯಿಡೀ ಆಡುತ್ತಾರೆ. ರಾಕ್ಷಸ ಪಾತ್ರಧಾರಿ ಪರದೆಯ ಹಿಂದಿನಿಂದಲೇ ಆರ್ಭಟಿಸುತ್ತಾನೆ, ಆಮೇಲೆ ಅಟ್ಟ ಅದುರುವ ಹಾಗೆ ಕುಣಿಯುತ್ತಾನೆ. ಅವನು ಏನಂದ ಅಂತ ಯಾರೂ ಕೇಳುವುದಿಲ್ಲ. ಮಡಿಲಲ್ಲಿ ಮಲಗಿದ್ದ ಮಕ್ಕಳು ಎದ್ದು ಕೂರುತ್ತವೆ, ಅಷ್ಟು ಸಾಕು. ಪೆಟ್ರೋವ್ ದನಿ ಆ ಜಾತಿಯದು. ಬೇರೆ ಡೆತ್ ಮೆಟಲ್ ಗಾಯಕರಿಗೆ ಹೋಲಿಸಿದರೆ ಅವನ ಮಾತು ಸಾಕಷ್ಟು ಬಿಡಿಸಿ ಕೇಳುತ್ತದೆ ಕೂಡ. 2021ರ ಮಾರ್ಚ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ, 49 ವರ್ಷಕ್ಕೆ. ಆ ದಿನ ರಾತ್ರಿ ಈ ಆಲ್ಬಮ್ಮನ್ನು ಎರಡು ಸಲ ಕೇಳಿದೆ.

ಕೊರತೆ ಇಲ್ಲ ಅಂತಲ್ಲ. ಎರಡನೇ ಅರ್ಧಕ್ಕೆ ಬಂದಾಗ ಹಾಡುಗಳು ಒಂದರ ಹಾಗೆ ಇನ್ನೊಂದು ಅನಿಸುತ್ತವೆ. ಕೆಲವು ಕಡೆ ಸುಮ್ನೆ ವೇಗ. 'ಡ್ರೌನ್ಡ್' ಮತ್ತು 'ಬಟ್ ಲೈಫ್ ಗೋಸ್ ಆನ್' ಮಾತ್ರ ನನಗೆ ಇವತ್ತಿಗೂ ಹಳಸಿಲ್ಲ. ಡ್ಯಾನ್ ಸೀಗ್ರೇವ್ ಬರೆದ ಮುಖಪುಟವನ್ನೂ ದೊಡ್ಡದು ಮಾಡಿ ನೋಡಿ.

ಶುರು ಮಾಡೋದಾದ್ರೆ ಇಡೀ ಆಲ್ಬಮ್ ಬೇಡ. ಮೊದಲ ಹಾಡು ಒಂದೇ, ಅದೂ ಅರ್ಧದಿಂದ ಕೇಳಿ. ಆಮೇಲೆ ಮೊದಲಿಗೆ ಹೋಗಿ. ಹೆಡ್‌ಫೋನ್ ಹಾಕಿಕೊಳ್ಳಿ. ಫೋನ್ ಸ್ಪೀಕರ್‌ನಲ್ಲಿ ಕೇಳಿದರೆ ಜಲ್ಲಿ ಕ್ರಷರ್ ಪಕ್ಕ ನಿಂತ ಹಾಗೆಯೇ ಇರುತ್ತದೆ, ಆಮೇಲೆ ನನ್ನನ್ನು ಬೈಯಬೇಡಿ.