ಬಿಸಿಲುಗುದುರೆಯ ಆಚೆ ಚಿಗರಿ

ಪ್ರಶ್ನೆ: ಸರ್, ಮೇ ಕೊನೆಯಲ್ಲಿ ಯಡಹಳ್ಳಿ ಕಡೆ ಬೆಳಿಗ್ಗೆ ಒಂಬತ್ತರ ಮೇಲೆ ತಿರುಗಾಡುತ್ತೇನೆ. ಎರಡು ಸಲ ಚಿಂಕಾರ (ನಮ್ಮ ಕಡೆ ಚಿಗರಿ ಅಂತೀವಿ) ಕಂಡವು. ನನ್ನದು 300 ಎಂಎಂ ಲೆನ್ಸ್. ಫೋಟೊಗಳೆಲ್ಲ ನೀರೊಳಗಿಂದ ತೆಗೆದ ಹಾಗಿವೆ. 600 ಎಂಎಂ ಕೊಳ್ಳಲೇ?
– ಓದುಗ, ಮುಧೋಳ ತಾಲ್ಲೂಕು

ಉತ್ತರ: ಸದ್ಯಕ್ಕೆ ಕೊಳ್ಳಬೇಡಿ. ತಪ್ಪು ಲೆನ್ಸಿನದಲ್ಲ, ಹೊತ್ತಿನದು. ಒಂಬತ್ತಕ್ಕೆ ನಮ್ಮ ಕಡೆ ನೆಲ ಕಾದಿರುತ್ತದೆ, ಬಿಸಿ ಗಾಳಿ ಅಲೆಯಲೆಯಾಗಿ ಮೇಲೇಳುತ್ತದೆ. ದಾರಿಯಲ್ಲಿ ಬಿಸಿಲುಗುದುರೆ ನೋಡಿದ್ದೀರಿ ಅಲ್ವಾ, ಅದೇ ಇದು. ದೊಡ್ಡ ಲೆನ್ಸ್ ಆ ಅಲುಗಾಟವನ್ನೇ ದೊಡ್ಡದು ಮಾಡಿ ತೋರಿಸುತ್ತದೆ.

ಬೆಳಿಗ್ಗೆ ಆರಕ್ಕೆಲ್ಲ ಅಲ್ಲಿ ಕೂತಿರಿ. ನಡೆಯಬೇಡಿ, ಕೂತಿರಿ. ಈ ತಿಂಗಳು ಹೆಚ್ಚಾಗಿ ಪಡುವಣ ಗಾಳಿ. ಪಶ್ಚಿಮಕ್ಕೆ ಮುಖ ಮಾಡಿ ಜಾಲಿ ಗಿಡದ ಮರೆಗೆ ಕೂತರೆ ನಿಮ್ಮ ವಾಸನೆ ಚಿಗರಿಗೆ ಹೋಗುವುದಿಲ್ಲ, ಎಳೆಬಿಸಿಲೂ ನಿಮ್ಮ ಬೆನ್ನಿಗಿರುತ್ತದೆ. ಮೇಯುವಾಗ ಶಟರ್ ವೇಗ 1/500 ಸೆಕೆಂಡ್ ಸಾಕು, ಓಡುವಾಗ 1/2000 ಬೇಕು.

ಆದರೆ ಅದನ್ನು ಓಡಿಸಿ ಮಾತ್ರ ತೆಗೆಯಬೇಡಿ. ಚಿಂಕಾರ ನೀರು ಕುಡಿಯದೆ, ಸೊಪ್ಪಿನ ಪಸೆಯಲ್ಲೇ ಎಷ್ಟೋ ದಿನ ಕಳೆಯುವ ಪ್ರಾಣಿ. ಇಂಥ ಬಿಸಿಲಲ್ಲಿ ಓಡಿಸಿದರೆ ಆ ಪಸೆಯೂ ಹೋಯಿತು. ಮುಂಗಾಲು ನೆಲಕ್ಕೆ ಬಡಿದು ಸೀನಿದ ಹಾಗೆ ಸದ್ದು ಮಾಡಿತೇ? ನಿಮ್ಮನ್ನು ಕಂಡು ಅದಕ್ಕೆ ಗಾಬರಿ ಆಗಿದೆ. ಮೆಲ್ಲಗೆ ಹಿಂದೆ ಸರಿಯಿರಿ. ಯಡಹಳ್ಳಿ 2016ರಿಂದ ವನ್ಯಜೀವಿಧಾಮ. ಒಳಗೆ ಹೋಗುವ ಮೊದಲು ಅರಣ್ಯ ಇಲಾಖೆಯನ್ನು ಕೇಳಿ.

ಅಂದ ಹಾಗೆ, ಚಿಂಕಾರ ಜಿಂಕೆಯಲ್ಲ. ಜಿಂಕೆಯ ಕೊಂಬು ಉದುರಿ ಮತ್ತೆ ಬರುತ್ತದೆ, ಇದರದು ಉದುರುವುದಿಲ್ಲ. ಹೆಣ್ಣಿಗೂ ಸಣ್ಣ ಕೊಂಬಿರುತ್ತದೆ. ಫೋಟೊದ ಕೆಳಗೆ ಹೆಸರು ಬರೆಯುವಾಗ ನೆನಪಿಡಿ.

ಪ್ರಶ್ನೆ: ನನ್ನ ಹತ್ತಿರ ಇರುವುದು ಫೋನ್ ಮಾತ್ರ. ಹೊಲವೆಲ್ಲ ಒಣಗಿದೆ. ಹುಳ, ಹಕ್ಕಿ ಏನಾದರೂ ಸಿಗುತ್ತಾ?
– ಓದುಗರೊಬ್ಬರು, ಗೋಕಾಕ

ಉತ್ತರ: ಸಿಗುತ್ತದಮ್ಮಾ. ಮೊದಲು ಎಕ್ಕೆ ಗಿಡ ಹುಡುಕಿ. ಸುತ್ತ ಎಲ್ಲ ಒಣಗಿದಾಗಲೂ ಅದು ಹಸಿರಾಗಿ ಹೂಬಿಟ್ಟಿರುತ್ತದೆ. ದೊಡ್ಡ ಕರಿ ದುಂಬಿಗಳು ಬರುತ್ತವೆ. ಹಳದಿ-ನೀಲಿ ಪಟ್ಟೆಯ ಮಿಡತೆಯೂ ಸಿಗಬಹುದು. ದುಂಬಿಯ ಹಿಂದೆ ಫೋನ್ ಹಿಡಿದು ಓಡಾಡಿದರೆ ಒಂದೂ ಬರುವುದಿಲ್ಲ. ಒಂದು ಹೂಗೊಂಚಲಿಗೆ ಫೋಕಸ್ ಮಾಡಿ ಸುಮ್ನೆ ಕಾಯಿರಿ. ಅದು ತಾನಾಗಿ ಬಂದು ಕೂರುತ್ತದೆ.

ಹಕ್ಕಿಗಳಲ್ಲಿ ಟಿಟ್ಟಿಭದ ಬಗ್ಗೆ ಒಂದು ಮಾತು. ಇದು ಅದು ಮೊಟ್ಟೆ ಇಡುವ ಕಾಲ. ಗೂಡು ಅಂತ ಕಟ್ಟುವುದಿಲ್ಲ, ಬರೀ ಹರಳುಗಲ್ಲಿನ ನಡುವೆ ನಾಲ್ಕು ಮೊಟ್ಟೆ. ಹೋದ ವರ್ಷ ಬೀಳಗಿ ಹತ್ತಿರ ಹಿನ್ನೀರಿನ ದಂಡೆಯಲ್ಲಿ ಇಂಥ ಮೊಟ್ಟೆಗಳ ಪಕ್ಕ ನಾನು ಹತ್ತು ನಿಮಿಷ ಕೂತೆ. ತಾಯಿ ತಲೆಯ ಮೇಲೆ ಕೂಗುತ್ತಲೇ ಇತ್ತು, ಒಳ್ಳೆ ಫೋಟೊ ಸಿಗುತ್ತಿದೆ ಅಂತ ನಾನು ಏಳಲೇ ಇಲ್ಲ. ಕೊನೆಗೆ ದೂರ ಹೋಗಿ ನಿಂತೆ. ಅದು ನೀರಿಗಿಳಿದು ಹೊಟ್ಟೆಯ ಗರಿ ನೆನೆಸಿಕೊಂಡು ಓಡೋಡಿ ಬಂದು ಮೊಟ್ಟೆಗಳ ಮೇಲೆ ಕೂತಿತು. ಅಷ್ಟು ಹೊತ್ತು ಅವು ಉರಿಬಿಸಿಲಿಗೆ ಬಿದ್ದಿದ್ದವು, ನನ್ನಿಂದ. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ನಿಮ್ಮ ತಲೆ ಮೇಲೂ ಅದು ಕೂಗುತ್ತ ಸುತ್ತಿದರೆ ಫೋನ್ ಒಳಗಿಡಿ. ಬಂದ ದಾರಿಯಲ್ಲೇ, ಕಾಲಿಡುವ ಜಾಗ ನೋಡಿಕೊಂಡು ವಾಪಸ್ ಹೋಗಿ.